ಹುಟ್ಟಿಗೆ ಬೇಡದ ನಂಬರು ಹಾಯಿಗೆ ಬೇಕಾಯಿತು

ಮಿಷಿಗನ್ ರಾಜ್ಯದಲ್ಲಿ 16 ಅಡಿಯೊಳಗಿನ, ಬಾಡಿಗೆಗೆ ಬಿಡದ, ಹುಟ್ಟು ಹಾಕಿ ನಡೆಸುವ ಸ್ವಂತ ದೋಣಿಗೆ ನೋಂದಣಿ ಬೇಕಿಲ್ಲ. ಅದೇ ದೋಣಿಗೆ ಕೂವೆ ನೆಟ್ಟು ಹಾಯಿ ಏರಿಸಿದರೆ ಬೇಕು. ಒಡಲು ಅದೇ, ನೀರು ಅದೇ, ಕೂತವರೂ ಅವರೇ. ನಡುವೆ ಒಂದು ಕಂಬ ನಿಂತಿತೆಂಬ ಕಾರಣಕ್ಕೆ ಅದು ಸರಕಾರದ ಲೆಕ್ಕಕ್ಕೆ ಬರುತ್ತದೆ. ಈ ಸಂಗತಿ ನನಗೆ ಗೊತ್ತಾದದ್ದು 2023ರ ಬೇಸಿಗೆಯನ್ನೆಲ್ಲ ಕೆಂಟ್ ಲೇಕಿನಲ್ಲಿ ಹುಟ್ಟು ಹಾಕುತ್ತ ಕಳೆದು, ಚಳಿ ಶುರುವಾದೊಡನೆ ದೋಣಿಯನ್ನು ಗ್ಯಾರೇಜಿಗೆ ತಂದು ಕವುಚಿಟ್ಟು, ಬರುವ ವರ್ಷ ಇದಕ್ಕೊಂದು ಹಾಯಿ ಕಟ್ಟೋಣ ಎಂದು ಮಗಳಿಗೆ ಮಾತು ಕೊಟ್ಟ ಮೇಲೆ.

ಒಡಲನ್ನು ಕಟ್ಟಿದ ಕತೆಯನ್ನು ಬೇಗ ಮುಗಿಸುತ್ತೇನೆ. ಅದನ್ನು ಬರೆದವರು ಬೇಕಾದಷ್ಟು ಜನರಿದ್ದಾರೆ. 11 ಅಡಿ 8 ಅಂಗುಲ ಉದ್ದದ ಪ್ಲೈವುಡ್ ದೋಣಿ. 6 ಮಿಲಿಮೀಟರ್ ದಪ್ಪದ ಹಲಗೆಗಳನ್ನು ನಕ್ಷೆಯಂತೆ ಕತ್ತರಿಸಿ, ಅಂಚಿನಗುಂಟ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು, ಸಂದಿಗೆ ಮರದ ಹಿಟ್ಟು ಕಲಸಿದ ಎಪಾಕ್ಸಿ ಅಂಟನ್ನು ತುಂಬಿ, ಅದು ಗಟ್ಟಿಯಾದ ಮೇಲೆ ತಂತಿಗಳನ್ನು ಕಿತ್ತು, ಮೇಲೆ ಗಾಜಿನ ನಾರಿನ ಪಟ್ಟಿ ಅಂಟಿಸುವ ಕ್ರಮವಿದು. ಬ್ರಿಟನ್ನಿನಲ್ಲಿ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆಯ ಮರಗೆಲಸ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದಾಗಿ ಈ ಕ್ರಮ ಸಾಮಾನ್ಯರ ಗ್ಯಾರೇಜುಗಳಿಗೆ ಬಂತು. ಹಲಗೆಯನ್ನು ಹೊಲಿದು ದೋಣಿ ಮಾಡುವುದು ನಮ್ಮ ಪಶ್ಚಿಮ ಕರಾವಳಿಗೆ ಹೊಸತೇನಲ್ಲ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದಲೇ ಹೊಲಿದಿದ್ದಾರೆ. ಅಲ್ಲಿ ಹೊಲಿಗೆ ಕೊನೆಯವರೆಗೂ ಇರುತ್ತದೆ. ನನ್ನದು ದರ್ಜಿ ಹಾಕಿ ಆಮೇಲೆ ಬಿಚ್ಚುವ ಕಚ್ಚಾ ಟಾಕು, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಗಂಗೊಳ್ಳಿಯ ಹತ್ತಿರ. ಆದರೆ ನಾವು ಮೀನುಗಾರರ ಮನೆಯವರಲ್ಲ, ಅಪ್ಪಯ್ಯ ಶಾಲೆಯ ಮಾಸ್ತರರಾಗಿದ್ದವರು. ದೋಣಿಯೆಂದರೆ ನನಗೆ ಅಳಿವೆಯ ದಂಡೆಯಲ್ಲಿ ನಿಂತು ನೋಡಿದ್ದೇ ಹೊರತು ಹಗ್ಗ ಹಿಡಿದು ಕಲಿತದ್ದಲ್ಲ. ಆದ್ದರಿಂದ ಹಾಯಿಯ ಕೆಲಸಕ್ಕೆ ಕೈ ಹಾಕಿದಾಗ ಕರಾವಳಿಯಲ್ಲಿ ಹುಟ್ಟಿದ್ದರ ಲಾಭ ನನಗೆ ಮೂರು ಮಾತುಗಳಷ್ಟೇ ಸಿಕ್ಕಿತು: ಕೂವೆ, ಚುಕ್ಕಾಣಿ, ಕಪ್ಪಿ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ಹೊಸದಾಗಿ ಕಲಿಯಬೇಕಾಯಿತು, ಅದರಲ್ಲೂ ಶೀಟ್ ಎಂದರೆ ಹಾಯಿಯ ಬಟ್ಟೆಯಲ್ಲ, ಹಾಯಿಯನ್ನು ಹಿಡಿದು ಬಿಗಿ ಸಡಿಲ ಮಾಡುವ ಹಗ್ಗ ಎಂಬುದನ್ನು ತಲೆಗೆ ಹತ್ತಿಸಿಕೊಳ್ಳಲು ಒಂದು ವಾರ ಹಿಡಿಯಿತು.

ನಾನು ಆರಿಸಿಕೊಂಡದ್ದು ಬ್ಯಾಲೆನ್ಸ್ ಲಗ್ ಎಂಬ ಹಳೆಯ ಬಗೆಯ ಹಾಯಿ. ಈಗಿನ ಹೆಚ್ಚಿನ ಹಾಯಿದೋಣಿಗಳಲ್ಲಿ ಕಾಣುವ ತ್ರಿಕೋನದ ಹಾಯಿಗೆ ಎತ್ತರದ ಕೂವೆ ಬೇಕು. ಅದು ಬೀಳದಂತೆ ಮೂರು ದಿಕ್ಕಿನಿಂದ ಉಕ್ಕಿನ ತಂತಿ ಎಳೆದು ಕಟ್ಟಬೇಕು. ಲಗ್ ಹಾಯಿ ನಾಲ್ಕು ಮೂಲೆಯದು. ಅದರ ಮೇಲಂಚಿಗೆ ಯಾರ್ಡ್ ಎಂಬ ಓರೆಗೋಲು, ಕೆಳಂಚಿಗೆ ಬೂಮ್ ಎಂಬ ಅಡ್ಡಗೋಲು. ಕೂವೆ ಗಿಡ್ಡದು, ಅದನ್ನು ಆಸನದ ತೂತಿನೊಳಗೆ ಇಳಿಸಿ ಬುಡವನ್ನು ಕೆಳಗಿನ ಗೂಡಿಗೆ ಕೂರಿಸಿದರೆ ಯಾವ ತಂತಿಯೂ ಇಲ್ಲದೆ ತಾನೇ ನಿಲ್ಲುತ್ತದೆ. ಹಾಯಿಯ ಸ್ವಲ್ಪ ಪಾಲು ಕೂವೆಯ ಮುಂದಕ್ಕೆ, ಬಹುಪಾಲು ಹಿಂದಕ್ಕೆ ಇರುತ್ತದೆ. ಹೆಸರಿನಲ್ಲಿರುವ ಬ್ಯಾಲೆನ್ಸ್ ಇದೇ. ಮೂರೇ ಹಗ್ಗಗಳಲ್ಲಿ ಇಡೀ ವ್ಯವಹಾರ ಮುಗಿಯುತ್ತದೆ: ಯಾರ್ಡನ್ನು ಮೇಲೇರಿಸುವ ಹ್ಯಾಲ್ಯರ್ಡ್, ಬೂಮನ್ನು ಕೆಳಕ್ಕೆ ಜಗ್ಗಿ ಹಿಡಿಯುವ ಡೌನ್‌ಹಾಲ್, ಕೈಯಲ್ಲಿ ಹಿಡಿಯುವ ಶೀಟ್. ಇಷ್ಟೊಂದು ಸರಳವಾದದ್ದರಲ್ಲಿ ತಪ್ಪು ಮಾಡಲು ಜಾಗವೆಲ್ಲಿದೆ ಎಂದುಕೊಂಡಿದ್ದೆ.

ಕೂವೆಯನ್ನು ಮಾಡಿದ ದಿನಗಳು ಈ ಇಡೀ ಕೆಲಸದಲ್ಲೇ ನನಗೆ ಹೆಚ್ಚು ಹಿಡಿಸಿದವು. ಡಗ್ಲಸ್ ಫರ್ ಮರದ ಎರಡು ಹಲಗೆಗಳನ್ನು ಅಂಟಿಸಿ ಚೌಕದ ತೊಲೆ ಮಾಡಿಕೊಂಡು, ತುದಿಯ ಕಡೆಗೆ ಸಪೂರವಾಗುವಂತೆ ಕೆತ್ತಿ, ಆಮೇಲೆ ಅದನ್ನು ಗುಂಡಗೆ ಮಾಡಬೇಕು. ಚೌಕವನ್ನು ಗುಂಡು ಮಾಡಲು ಬಡಗಿಗಳಿಗೆ ಒಂದು ಹಳೆಯ ಲೆಕ್ಕವಿದೆ. ಮುಖದ ಅಗಲವನ್ನು 7, 10, 7ರ ಪ್ರಮಾಣದಲ್ಲಿ ಮೂರು ಪಾಲಾಗಿ ಗೆರೆ ಎಳೆದು, ಗೆರೆಯಿಂದ ಗೆರೆಯವರೆಗೆ ಮೂಲೆಯನ್ನು ಕೀಸಿ ತೆಗೆದರೆ ನಾಲ್ಕು ಮುಖ ಎಂಟಾಗುತ್ತದೆ. ಮರದ ತುಂಡಿಗೆ ಎರಡು ಗೂಟ, ಎರಡು ಪೆನ್ಸಿಲ್ ಸಿಕ್ಕಿಸಿಕೊಂಡ ಒಂದು ಚಿಕ್ಕ ಸಾಧನವನ್ನು ತೊಲೆಯ ಮೇಲೆ ಓರೆಯಾಗಿ ಹಿಡಿದು ಎಳೆದರೆ, ತೊಲೆ ಎಷ್ಟೇ ಸಪೂರವಾಗುತ್ತ ಹೋಗಲಿ, ಗೆರೆಗಳು ಅದೇ ಪ್ರಮಾಣದಲ್ಲಿ ತಾವಾಗಿಯೇ ಹತ್ತಿರ ಬರುತ್ತವೆ. ಎಂಟನ್ನು ಹದಿನಾರು ಮಾಡುವಾಗ ಗೆರೆ ಬೇಕಾಗಲಿಲ್ಲ, ಕಣ್ಣೇ ಸಾಕಾಯಿತು. ಕೊನೆಗೆ ಮರಳು ಕಾಗದದ ಪಟ್ಟಿಯನ್ನು ತೊಲೆಗೆ ಸುತ್ತಿ ಎರಡು ಕೈಯಲ್ಲಿ ಮಜ್ಜಿಗೆ ಕಡೆಯುವಂತೆ ಎಳೆದಾಡಿದೆ. ಹೊರಗೆ ಹಿಮ ಬೀಳುತ್ತಿತ್ತು, ಗ್ಯಾರೇಜಿನ ನೆಲದ ಮೇಲೆ ಕೀಸುಳಿಯ ಸುರುಳಿಗಳು ಮೊಣಕಾಲೆತ್ತರ ಬಿದ್ದಿದ್ದವು.

ಹಾಯಿಯನ್ನು ನಾನೇ ಹೊಲಿದೆ. ಡೇಕ್ರಾನ್ ಬಟ್ಟೆಯ ಪಟ್ಟಿಗಳನ್ನು ಅಂಟುಪಟ್ಟಿಯಿಂದ ಜೋಡಿಸಿಕೊಂಡು ಮನೆಯ ಹೊಲಿಗೆ ಯಂತ್ರದಲ್ಲಿ ಅಂಕುಡೊಂಕು ಹೊಲಿಗೆ ಹಾಕುತ್ತ ಹೋಗುವುದು. ನೇರ ಹೊಲಿಗೆಯಾದರೆ ಬಟ್ಟೆ ಗಾಳಿಗೆ ಎಳೆದಾಗ ದಾರ ತುಂಡಾಗುತ್ತದೆ. ಹಾಯಿಯೆಂದರೆ ಚಪ್ಪಟೆಯಾದ ಬಟ್ಟೆಯಲ್ಲ. ಪಟ್ಟಿಗಳ ಅಂಚನ್ನು ತುಸುವೇ ಬಾಗಿಸಿ ಕತ್ತರಿಸಿ ನೇರವಾದ ಅಂಚಿಗೆ ಸೇರಿಸಿದರೆ ಬಟ್ಟೆಗೆ ಸಣ್ಣದೊಂದು ಹೊಟ್ಟೆ ಬರುತ್ತದೆ, ಆ ಹೊಟ್ಟೆಯಿಂದಲೇ ದೋಣಿ ಗಾಳಿಗೆ ಎದುರಾಗಿ ಓರೆಯಾಗಿ ಸಾಗಬಲ್ಲದು. 80 ಚದರಡಿ ಬಟ್ಟೆಯನ್ನು ಊಟದ ಮೇಜಿನ ಮೇಲೆ ಸುರುಳಿ ಮಾಡಿ ಸೂಜಿಯಡಿಗೆ ತಳ್ಳುವಾಗ ಮನೆಯವರೆಲ್ಲ ತಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಊಟ ಮಾಡಿದ್ದು ಮೂರು ವಾರ.

2024ರ ಏಪ್ರಿಲ್ ಕೊನೆಗೆ ದೋಣಿಯನ್ನು ಹಿತ್ತಿಲ ಹುಲ್ಲಿನ ಮೇಲೆ ಇಟ್ಟು ಮೊದಲ ಸಲ ಹಾಯಿ ಏರಿಸಿದೆ. ಏರಿತು. ಆದರೆ ಯಾರ್ಡಿನ ಮುಂತುದಿಯಿಂದ ಬೂಮಿನ ಹಿಂತುದಿಯವರೆಗೆ ಓರೆಯಾಗಿ ಒಂದು ದಪ್ಪ ಸುಕ್ಕು, ಇಸ್ತ್ರಿ ಮಾಡದ ಪಂಚೆಯಲ್ಲಿರುವಂಥದು. ಯಾರ್ಡ್ ಇನ್ನಷ್ಟು ಕಡಿದಾಗಿ ನಿಲ್ಲಬೇಕು ಎಂಬುದರ ಗುರುತು ಅದು. ಅದಕ್ಕೆ ಎರಡು ದಾರಿಗಳಿವೆ: ಡೌನ್‌ಹಾಲನ್ನು ಇನ್ನೂ ಬಲವಾಗಿ ಜಗ್ಗಿ ಹಾಯಿಯ ಮುಂದಂಚನ್ನು ಬಿಗಿ ಮಾಡುವುದು ಒಂದು, ಹ್ಯಾಲ್ಯರ್ಡನ್ನು ಯಾರ್ಡಿನ ಮೇಲೆ ಇನ್ನಷ್ಟು ಹಿಂದಕ್ಕೆ ಕಟ್ಟುವುದು ಇನ್ನೊಂದು. ಮೊದಲನೆಯದಕ್ಕೆ ತೋಳಿನ ಬಲ ಸಾಲಲಿಲ್ಲ. ಎರಡನೆಯದು ಸುಲಭವಾಗಿತ್ತು. ಗಂಟನ್ನು 5 ಅಂಗುಲ ಹಿಂದಕ್ಕೆ ಸರಿಸಿದೆ, ಸುಕ್ಕು ಮಾಯವಾಯಿತು, ಫೋಟೊ ತೆಗೆದು ಊರಿಗೆ ಕಳಿಸಿದೆ. ಆ 5 ಅಂಗುಲದ ಸಾಲವನ್ನು ತೀರಿಸಿದ್ದು ಜೂನಿನಲ್ಲಿ, ನೀರಿನ ಮೇಲೆ, ಅದಕ್ಕೆ ಬರುತ್ತೇನೆ.

ಕೂವೆ ನಿಂತ ಮೇಲೆ ಕಾಗದದ ಕೆಲಸ ಶುರುವಾಯಿತು. ಅಮೆರಿಕದಲ್ಲಿ ಯಂತ್ರವಿರುವ ದೋಣಿಗೆ ನಂಬರು ಬೇಕೆಂಬುದು ದೇಶದ ಕಾನೂನು, ಬರೀ ಹಾಯಿಯ ದೋಣಿಯನ್ನು ಏನು ಮಾಡಬೇಕೆಂಬುದು ಆಯಾ ರಾಜ್ಯದ ಇಷ್ಟ. ಟೆಕ್ಸಾಸಿನಲ್ಲಿ 14 ಅಡಿಯಿಂದ ಮೇಲಿನ ಹಾಯಿದೋಣಿಗೆ ಮಾತ್ರ ಬೇಕು, ನ್ಯೂಯಾರ್ಕಿನಲ್ಲಿ ಯಂತ್ರವಿಲ್ಲದಿದ್ದರೆ ಬೇಡವೇ ಬೇಡ, ಒಹಾಯೊದಲ್ಲಿ ಕಯಾಕಿಗೂ ಬೇಕು. ನಾನು ಪ್ಲೈವುಡ್ ಕೊಂಡ ರಸೀತಿಗಳನ್ನೆಲ್ಲ ಫೈಲು ಮಾಡಿಕೊಂಡು ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಹೆಂಗಸು ಅರ್ಜಿಯನ್ನು ಓದಿ, ಒಡಲಿನ ಗುರುತಿನ ಸಂಖ್ಯೆ ಎಲ್ಲಿ ಎಂದು ಕೇಳಿದರು. ಇಲ್ಲ, ನಾನೇ ಮಾಡಿದ ದೋಣಿ ಎಂದೆ. ಹಾಗಾದರೆ ಮೊದಲು ಅದನ್ನು ಪಡೆದುಕೊಂಡು ಬನ್ನಿ ಎಂದು ಫೈಲನ್ನು ಹಿಂದಕ್ಕೆ ಕೊಟ್ಟರು. ತಪ್ಪು ನನ್ನದೇ, ಅರ್ಜಿಯ ಹಿಂಬದಿಯಲ್ಲಿ ಬರೆದದ್ದನ್ನು ನಾನು ಓದಿರಲಿಲ್ಲ.

ಈ ಒಡಲಿನ ಸಂಖ್ಯೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 1972ರ ನವೆಂಬರ್ 1ರಿಂದ ಈಚೆಗೆ ಅಮೆರಿಕದಲ್ಲಿ ತಯಾರಾದ ದೋಣಿಗಳಿಗೆಲ್ಲ ಇದು ಕಡ್ಡಾಯ. ಒಟ್ಟು 12 ಅಕ್ಷರ ಮತ್ತು ಅಂಕಿಗಳು. ಮೊದಲ ಮೂರು ತಯಾರಕರ ಸಂಕೇತ, ಆಮೇಲಿನ ಐದು ಸರಣಿ ಸಂಖ್ಯೆ, ಅದರ ಮುಂದೆ ತಯಾರಾದ ತಿಂಗಳಿಗೆ ಒಂದು ಅಕ್ಷರ, ವರ್ಷದ ಕೊನೆಯ ಅಂಕಿ, ಕಡೆಗೆ ಮಾದರಿಯ ವರ್ಷ. ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ. ಮನೆಯಲ್ಲಿ ಮಾಡಿದ ದೋಣಿಗೆ ಕಂಪನಿಯಿಲ್ಲವಾದ್ದರಿಂದ ಆ ಮೂರು ಅಕ್ಷರದ ಜಾಗದಲ್ಲಿ ರಾಜ್ಯದ ಎರಡಕ್ಷರ, ಅದರ ಬೆನ್ನಿಗೆ ಝಡ್ ಬರುತ್ತದೆ. ಸಾವಿರಾರು ಕಂಪನಿಗಳ ನಡುವೆ ಆ ಝಡ್ ಕಂಡರೆ ಸಾಕು, ಇದು ಯಾರದೋ ಗ್ಯಾರೇಜಿನಿಂದ ಬಂದದ್ದೆಂದು ತಿಳಿದವರಿಗೆ ತಿಳಿಯುತ್ತದೆ.

ದೋಣಿಯನ್ನು ನೋಡಲು ಬಂದ ಅಧಿಕಾರಿ ಅಳತೆಪಟ್ಟಿ ಹಿಡಿದು ಉದ್ದವನ್ನು ಅಳೆದು, ಕೂವೆಯ ಗೂಡಿನೊಳಗೆ ಟಾರ್ಚು ಬಿಟ್ಟು ನೋಡಿ, ದೋಣಿ ಎಂದು ಪೂರ್ಣವಾಯಿತು ಎಂದು ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನೀರಿಗೆ ಇಳಿದದ್ದು ಹಿಂದಿನ ವರ್ಷ, ಆಗ ಅದಕ್ಕೆ ಹುಟ್ಟು ಮಾತ್ರ ಇತ್ತು. ಕೂವೆ ಬಂದದ್ದು ಚಳಿಗಾಲದಲ್ಲಿ, ಹಾಯಿ ವಸಂತದಲ್ಲಿ, ಚುಕ್ಕಾಣಿಯ ತಿರುಗಣೆ ಕೂರಿಸಿದ್ದು ಮುನ್ನಾದಿನ ಸಂಜೆ. ಹಾಯಿದೋಣಿಯೆಂದು ಬರೆಯುವುದಾದರೆ ಹಾಯಿದೋಣಿಯಾದ ದಿನವೇ ಸರಿ ಎಂದು ಇಬ್ಬರೂ ಮಾತಾಡಿಕೊಂಡು ಮೇ ತಿಂಗಳೆಂದು ಹಾಕಿದೆವು. ಹಾಗಾಗಿ ನನ್ನ ಸಂಖ್ಯೆಯ ಕೊನೆಗೆ ಇ, 4, 24 ಇವೆ. ಅದನ್ನು ಹಿಂಬದಿಯ ಹಲಗೆಯ ಬಲಮೂಲೆಯಲ್ಲಿ, ಮೇಲಂಚಿನಿಂದ 2 ಅಂಗುಲದೊಳಗೆ, ಕಾಲು ಅಂಗುಲಕ್ಕೆ ಕಡಿಮೆಯಿಲ್ಲದ ಎತ್ತರದಲ್ಲಿ, ಅಳಿಸಿದರೆ ಗುರುತು ಉಳಿಯುವಂತೆ ಕೆತ್ತಬೇಕು. ಇಷ್ಟೇ ಅಲ್ಲ, ಅದೇ ಸಂಖ್ಯೆಯನ್ನು ದೋಣಿಯೊಳಗೆ ಹೊರಗಿನವರಿಗೆ ಕಾಣದ ಇನ್ನೊಂದು ಕಡೆ ಮತ್ತೊಮ್ಮೆ ಹಾಕಬೇಕು. ಕಳ್ಳರು ಹೊರಗಿನದನ್ನು ಕೆರೆದು ತೆಗೆದರೂ ಒಳಗಿನದು ಸಾಕ್ಷಿ ಹೇಳಲಿ ಎಂದು. ನಾನು ಎಲ್ಲಿ ಕೆತ್ತಿದ್ದೇನೆಂದು ಮಗಳಿಗೆ ಮಾತ್ರ ಗೊತ್ತು. ತಾಮ್ರದ ತಟ್ಟೆಗೆ ಅಕ್ಷರದ ಅಚ್ಚು ಹೊಡೆದು, ಎಪಾಕ್ಸಿಯಲ್ಲಿ ಹುದುಗಿಸಿ ಅಂಟಿಸುವಾಗ ಅವಳೇ ಟಾರ್ಚು ಹಿಡಿದವಳು.

ಎಷ್ಟು ಜನ ಕೂರಬಹುದು ಎಂಬ ಫಲಕವನ್ನೂ ಹಾಕಬೇಕೇ ಎಂದು ಕೇಳಿದೆ. ಆ ಫಲಕ 20 ಅಡಿಯೊಳಗಿನ ಯಂತ್ರದ ದೋಣಿಗೆ, ಹಾಯಿದೋಣಿಗಲ್ಲ ಎಂದರು. ಕಾನೂನು ಕೇಳದಿದ್ದರೆ ನಾನೇ ಕೇಳಿಕೊಳ್ಳಬೇಕಲ್ಲ. ಮರುವಾರ ಎದೆಮಟ್ಟದ ನೀರಿನಲ್ಲಿ, ಹಾಯಿಯಿಲ್ಲದ ಬರಿಯ ದೋಣಿಯನ್ನು ಬೇಕೆಂದೇ ಮಗುಚಿ ಹಾಕಿ, ಮತ್ತೆ ನೆಟ್ಟಗೆ ಮಾಡಿ, ನೀರು ತುಂಬಿದ ದೋಣಿಯಲ್ಲಿ ನಾನೂ ಮಗಳೂ ಕೂತು ನೋಡಿದೆವು. ಮುಂದಿನ ಮತ್ತು ಹಿಂದಿನ ಗಾಳಿಪೆಟ್ಟಿಗೆಗಳು ನಮ್ಮನ್ನು ಹೊತ್ತವು. ಮುಂದಿನ ಪೆಟ್ಟಿಗೆಯ ಮುಚ್ಚಳ ಸೋರಿ ನಾಲ್ಕು ಲೀಟರಿನಷ್ಟು ನೀರು ಒಳಗೆ ಹೋಗಿತ್ತು, ಅದಕ್ಕೆ ಹೊಸ ರಬ್ಬರು ಹಾಕಿದೆ.

ಜೂನಿನ ಮೊದಲ ವಾರ ನೋಂದಣಿಯ ಕಾರ್ಡು ಬಂತು. ಮಿಷಿಗನ್ನಿನ ದೋಣಿಯ ನಂಬರು ಎಂಸಿ ಎಂದು ಶುರುವಾಗುತ್ತದೆ. ಎಂಐ ಎನ್ನುವುದನ್ನು ಮಿಸಿಸಿಪ್ಪಿ ತೆಗೆದುಕೊಂಡಿದೆ. ತಯಾರಕರ ಹೆಸರಿನ ಕಡೆ ಹೋಮ್‌ಮೇಡ್ ಎಂದು ಅಚ್ಚಾಗಿತ್ತು. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಯಾರೋ ಮನೆಯಲ್ಲಿ ಮಾಡಿ ತಂದಿಡುವ ಚಟ್ನಿಪುಡಿಯ ಡಬ್ಬಿಯ ಮೇಲೆ ಕಂಡದ್ದು ಬಿಟ್ಟರೆ ಆ ಮಾತನ್ನು ಸರಕಾರಿ ಕಾಗದದ ಮೇಲೆ ನಾನು ನೋಡಿದ್ದು ಅದೇ ಮೊದಲು. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪಯ್ಯ, "ಅಷ್ಟ್ ಸಣ್ಣ ದೋಣಿ, ನಂಬರ್ ಇಲ್ದಿರೆ ಮುಳ್ಗತ್ತಾ?" ಎಂದರು.

ಮುಳುಗುವುದಿಲ್ಲ ನಿಜ, ಆದರೆ ನಂಬರನ್ನು ಬರೆಯುವಾಗ ನಾನು ಮುಳುಗಿದೆ. ಅಕ್ಷರಗಳು 3 ಅಂಗುಲಕ್ಕೆ ಕಡಿಮೆ ಇರಬಾರದು, ಅಲಂಕಾರವಿಲ್ಲದ ದಪ್ಪ ಅಕ್ಷರವಾಗಿರಬೇಕು, ಹಿನ್ನೆಲೆಯ ಬಣ್ಣದಿಂದ ಎದ್ದು ಕಾಣಬೇಕು, ಅಕ್ಷರದ ಗುಂಪು ಮತ್ತು ಅಂಕಿಯ ಗುಂಪಿನ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಬೇಕು. ಆ ಜಾಗವನ್ನು ಅಳೆಯಲು ಐ ಅಕ್ಷರವನ್ನಾಗಲಿ 1 ಅಂಕಿಯನ್ನಾಗಲಿ ಬಳಸುವಂತಿಲ್ಲ, ಅವು ತೆಳ್ಳಗಿರುತ್ತವೆ. ಇಷ್ಟು ನಿಖರವಾಗಿ ಯೋಚಿಸಿದವರ ಬಗ್ಗೆ ನನಗೆ ಗೌರವವೇ ಬಂತು. ಅಂಗಡಿಯಲ್ಲಿ ಅಂಟಿಸುವ ಅಕ್ಷರಗಳು ಸಿಗುತ್ತವೆ, ಆದರೆ ಆರು ಕೋಟು ವಾರ್ನಿಷ್ ಬಳಿದ ಮರದ ಮೇಲೆ ಪ್ಲಾಸ್ಟಿಕ್ಕಿನ ಅಕ್ಷರ ಅಂಟಿಸಲು ಮನಸ್ಸು ಬರಲಿಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಪೇಂಟರು ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎಡಗೈಯನ್ನು ದೋಣಿಯ ಮೈಗೆ ಆನಿಸಿ ಅದರ ಮೇಲೆ ಬಲಗೈ ಊರಿ, ನಂಬರನ್ನು ಒಂದೇ ಉಸಿರಿಗೆ ಬರೆಯುವುದನ್ನು ನೋಡಿ ಬೆಳೆದವನು ನಾನು. ಆ ಕೈ ನನಗೂ ಬಂದೀತೆಂದು ಬಿಳಿ ಬಣ್ಣದ ಡಬ್ಬಿ ತೆರೆದೆ.

ಎಡಮಗ್ಗುಲು ಚೆನ್ನಾಗಿ ಬಂತು. ದೋಣಿಯ ಮೂತಿಯಿಂದ 10 ಅಂಗುಲ ಬಿಟ್ಟು ಎಂ ಬರೆದು ಹಿಂದಕ್ಕೆ ಸಾಗಿದೆ. ಬಲಮಗ್ಗುಲಿಗೆ ಬಂದು, ಅದೇ ಅಳತೆ ಹಿಡಿದು, ಮೂತಿಯಿಂದ 10 ಅಂಗುಲ ಬಿಟ್ಟು ಎಂ ಬರೆದೆ. ಸಿ ಬರೆಯಲು ಕುಂಚ ಎತ್ತಿದಾಗ ಹೊಳೆಯಿತು: ಎರಡೂ ಬದಿಯಲ್ಲಿ ಎಡದಿಂದ ಬಲಕ್ಕೇ ಓದಬೇಕು, ಬಲಮಗ್ಗುಲಿನಲ್ಲಿ ಎಡದಿಂದ ಬಲಕ್ಕೆ ಎಂದರೆ ಮೂತಿಯ ಕಡೆಗೆ, ಉಳಿದ ಏಳು ಅಕ್ಷರಗಳಿಗೆ ನನ್ನ ಮುಂದೆ ಇದ್ದದ್ದು 10 ಅಂಗುಲದ ಹಲಗೆ, ಅದರಾಚೆ ಗ್ಯಾರೇಜಿನ ಗಾಳಿ. ಒರೆಸಿದೆ, ಒರೆಸಿದ್ದು ಹರಡಿತು, ಕೊನೆಗೆ ವಾರ್ನಿಷ್ಷನ್ನು ಮರದವರೆಗೆ ಉಜ್ಜಿ ತೆಗೆದು ಮತ್ತೆ ಬಳಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಆ ಎಂ ಇವತ್ತಿಗೂ ಮಸುಕಾಗಿ ಕಾಣುತ್ತದೆ.

ಕೆಂಟ್ ಲೇಕ್ ಹ್ಯೂರಾನ್ ನದಿಗೆ ಅಡ್ಡಗಟ್ಟೆ ಕಟ್ಟಿ ಮಾಡಿದ, ಸುಮಾರು 1,200 ಎಕರೆಯ ಕೆರೆ. ಅಲ್ಲಿ ಮೊದಲ ಸಲ ಹಾಯಿ ಬಿಚ್ಚಿದ ದಿನ ಗಾಳಿ ಹಗುರವಾಗಿತ್ತು, ದೋಣಿ ನಡೆಯಿತು, ಮಗಳು ಕಿರುಚಿದಳು. ಹತ್ತು ನಿಮಿಷ ಕಳೆದ ಮೇಲೆ ಚುಕ್ಕಾಣಿಯ ಹಿಡಿಯನ್ನು ಸುಮ್ಮನೆ ಬಿಟ್ಟು ನೋಡಿದೆ. ಸರಿಯಾಗಿ ಕಟ್ಟಿದ ಹಾಯಿದೋಣಿ ಆಗ ಮೆಲ್ಲಗೆ ಗಾಳಿಯ ಕಡೆಗೆ ಮೂತಿ ತಿರುಗಿಸಿ, ಹಾಯಿ ಪಟಪಟಿಸಿ, ನಿಲ್ಲಬೇಕು. ಕೂತವರು ನೀರಿಗೆ ಬಿದ್ದರೂ ದೋಣಿ ಅಲ್ಲೇ ಕಾಯುವುದು ಹೀಗೆ. ನನ್ನದು ಗಾಳಿಗೆ ಬೆನ್ನು ಹಾಕಿ ತಿರುಗಿ ವೇಗ ಹೆಚ್ಚಿಸಿಕೊಂಡಿತು. ಹಿತ್ತಿಲಿನಲ್ಲಿ ಗಂಟನ್ನು 5 ಅಂಗುಲ ಹಿಂದಕ್ಕೆ ಸರಿಸಿದಾಗ ಇಡೀ ಹಾಯಿ ಮೊದಲಿದ್ದ ಜಾಗದಿಂದ 5 ಅಂಗುಲ ಮುಂದಕ್ಕೆ ಹೋಗಿತ್ತು. ಗಾಳಿಯ ಒತ್ತಡದ ನಡು, ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಬಿಟ್ಟ ನಡುಹಲಗೆಯನ್ನು ದಾಟಿ ಮುಂದೆ ಬಂದಿತ್ತು. ಸುಕ್ಕನ್ನು ನಾನು ತೆಗೆದಿರಲಿಲ್ಲ, ಕಾಣದ ಕಡೆಗೆ ಸಾಗಿಸಿದ್ದೆ.

ಆ ರಾತ್ರಿಯೇ ಗಂಟನ್ನು ಹಳೆಯ ಜಾಗಕ್ಕೆ ತಂದು, ಡೌನ್‌ಹಾಲಿಗೆ ಎರಡು ಜೋಡಿಕಪ್ಪಿಗಳನ್ನು ಹಾಕಿ ಎಳೆತವನ್ನು ನಾಲ್ಕು ಪಟ್ಟು ಮಾಡಿದೆ. ಈಗ ಮಗಳು ಒಂದೇ ಕೈಯಲ್ಲಿ ಜಗ್ಗಿದರೂ ಮುಂದಂಚು ತಂಬೂರಿಯ ತಂತಿಯಂತೆ ಬಿಗಿಯುತ್ತದೆ, ಯಾರ್ಡ್ ಕಡಿದಾಗಿ ನಿಲ್ಲುತ್ತದೆ. ಹ್ಯಾಲ್ಯರ್ಡಿಗೆ ಕಗ್ಗಂಟು ಹಾಕದೆ ಜೀರುಗುಣಿಕೆ ಹಾಕುತ್ತೇನೆ, ಎಳೆದೊಡನೆ ಹಾಯಿ ಕೆಳಗೆ ಬೀಳಬೇಕು. ಶೀಟನ್ನು ಮಾತ್ರ ಎಲ್ಲಿಗೂ ಕಟ್ಟುವುದಿಲ್ಲ. ಗಾಳಿ ಒಮ್ಮೆಗೇ ಬೀಸಿದರೆ ಕೈ ಬಿಡುವಷ್ಟು ಹೊತ್ತು ಸಿಗುತ್ತದೆ, ಗಂಟು ಬಿಚ್ಚುವಷ್ಟು ಸಿಗುವುದಿಲ್ಲ.

ನೋಂದಣಿ ಮೂರು ವರ್ಷಕ್ಕೆ. ನನ್ನದು 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಆಸನದ ಕೆಳಗೆ ಸಿಕ್ಕಿಸಿದ್ದೇನೆ, ಎರಡು ಲೈಫ್ ಜಾಕೆಟ್ ಮತ್ತು ಟಾರ್ಚಿನ ಜೊತೆಗೆ. ಅರ್ಜಿಯಲ್ಲಿ ಉದ್ದ ಕೇಳಿದ್ದರು, ಮರವೋ ಲೋಹವೋ ಎಂದು ಕೇಳಿದ್ದರು, ಯಾವ ಬಲದಿಂದ ನಡೆಯುತ್ತದೆ ಎಂದು ಕೇಳಿದ್ದರು. ಹೆಸರನ್ನು ಕೇಳುವ ಕಡೆ ನನಗೆ ಸಿಗಲಿಲ್ಲ. ಊರಿನಲ್ಲಿ ಹಲಗೆ ಕೂಡುವ ಮೊದಲೇ ದೋಣಿಗೆ ದೇವರ ಹೆಸರೊಂದು ನಿಶ್ಚಯವಾಗಿರುತ್ತದೆ, ನಂಬರು ಆಮೇಲಿನ ಮಾತು. ಅಪ್ಪಯ್ಯ ಪ್ರತಿ ಭಾನುವಾರ ಹೆಸರೆಂತ ಇಟ್ಟಿರಿ ಎಂದು ಕೇಳುತ್ತಾರೆ. ಹಿಂಬದಿಯ ಹಲಗೆಯ ಬಲಮೂಲೆ ಸಂಖ್ಯೆಗೆ ಹೋಗಿದೆ, ಎಡಗಡೆ ಒಂದೂವರೆ ಅಡಿ ಜಾಗ ಉಳಿದಿದೆ. ಮಗಳು ಅಲ್ಲಿ ಸೀಮೆಸುಣ್ಣದಿಂದ ಪ್ರತಿ ಸಲವೂ ಒಂದೊಂದು ಹೆಸರು ಬರೆಯುತ್ತಾಳೆ, ದಡಕ್ಕೆ ಬರುವಷ್ಟರಲ್ಲಿ ಅದು ತೊಳೆದುಹೋಗಿರುತ್ತದೆ. ಕಳೆದ ಶನಿವಾರ ಸುವರ್ಣೆ ಎಂದು ಬರೆದಿದ್ದಳು.